‘ನಿನಗೇನೋ ನನಗೂ ಅದೇ’

ಪ್ರಶ್ನೆ: ಮೇಡಂ, ನನಗೆ 34 ವರ್ಷ. ಶಿವಮೊಗ್ಗದ ಕಡೆಯವಳು, ಬೆಂಗಳೂರಿನಲ್ಲಿ ಕೆಲಸ. ಎಸ್ಸೆಸ್ಸೆಲ್ಸಿಯಲ್ಲಿದ್ದಾಗ ಅಪ್ಪ ಹೋದರು. ಅಮ್ಮ, ತಮ್ಮ, ತಂಗಿ ಎಲ್ಲರನ್ನೂ ನಾನೇ ನೋಡಿಕೊಂಡೆ. ‘ಗಂಡುಮಗನ ಹಾಗೆ ನಿಂತಳು’ ಅಂತ ನೆಂಟರು ಈಗಲೂ ಹೊಗಳುತ್ತಾರೆ. ಯಾರು ಏನು ಕೇಳಿದರೂ ಹೂಂ ಅಂದುಬಿಡುತ್ತೇನೆ, ಆಮೇಲೆ ಸಿಟ್ಟಿಗೆ ರಾತ್ರಿಯೆಲ್ಲಾ ನಿದ್ದೆಯಿಲ್ಲ. ಮೊನ್ನೆ ಹೋಟೆಲಿನಲ್ಲಿ ಗೆಳತಿ ‘ನಿನಗೇನು ಬೇಕು’ ಅಂದಾಗ ಎಂದಿನಂತೆ ‘ನಿನಗೇನೋ ನನಗೂ ಅದೇ’ ಅಂದೆ. ‘ನಿನಗಿಷ್ಟ ಆದದ್ದು ಹೇಳೇ’ ಅಂತ ರೇಗಿದಳು. ಎಷ್ಟು ಯೋಚಿಸಿದರೂ ಹೊಳೆಯಲಿಲ್ಲ. ಅಲ್ಲೇ ಅಳು ಬಂತು. ನನಗೇನಾಗಿದೆ?

ಉತ್ತರ: ತಿಂಡಿಗೆ ಅತ್ತಿದ್ದಲ್ಲ ಬಿಡಿ. 19 ವರ್ಷ ಯಾರೂ ಕೇಳದೇ ಇದ್ದದ್ದನ್ನು ಒಬ್ಬಳು ಬಿಡದೆ ಕೇಳಿದಳು, ಅದಕ್ಕೆ.

ಬ್ರಿಟನ್ನಿನಲ್ಲಿ ಡೊನಾಲ್ಡ್ ವಿನಿಕಾಟ್ ಅಂತ ಒಬ್ಬ ಮಕ್ಕಳ ಡಾಕ್ಟರು ಇದ್ದರು, ಮನೋವಿಶ್ಲೇಷಕರೂ ಹೌದು. ನಿಜವಾದ ನಾನು, ತೋರಿಕೆಯ ನಾನು ಅಂತ 1960ರಲ್ಲಿ ಅವರು ಬಿಡಿಸಿ ಬರೆದರು. ಸುತ್ತಲಿನವರಿಗೆ ಬೇಕಾದ ಹಾಗೆ ಇರೋದನ್ನು ಮಗು ಕಲಿತುಬಿಡುತ್ತದೆ, ಆದರೆ ಆ ತೋರಿಕೆ ಮೋಸ ಅಲ್ಲ, ಒಳಗಿರುವುದನ್ನು ಕಾಯುವುದೇ ಅದರ ಕೆಲಸ ಅಂತ ಅವರ ಮಾತು. ಅವರು ಹೇಳಿದ್ದು ಎಳೆಗೂಸುಗಳ ವಿಚಾರ, ನೀವು ಆಗ ಹೈಸ್ಕೂಲ್ ಹುಡುಗಿ. ಆದರೂ ನಿಮ್ಮ ‘ಹೂಂ’ ಓದಿದಾಗ ನನಗೆ ಅದೇ ನೆನಪಾಯಿತು. ಆ ಹೂಂ ಒಂದು ಮನೆಯನ್ನೇ ನಡೆಸಿತು, ಅದನ್ನು ಬೈಯಬೇಡಿ.

ನನಗೆ ಜಾಸ್ತಿ ಚುಚ್ಚಿದ್ದು ಬೇರೆ. ಇಷ್ಟುದ್ದದ ಪತ್ರದಲ್ಲಿ ಅಪ್ಪನಿಗೆ ಸಿಕ್ಕಿದ್ದು ಒಂದೇ ಸಾಲು. ಆಗ ನೀವು ಅತ್ತಿರಾ? ಅಥವಾ ಬಂದವರಿಗೆ ಕಾಫಿ ಕೊಡುವುದರಲ್ಲೇ ಇದ್ದಿರಾ? ಹದಿಮೂರನೇ ದಿನಕ್ಕೆ ಊರಿನವರ ಪಾಲಿಗೆ ಎಲ್ಲಾ ಮುಗಿಯಿತು, ನಿಮ್ಮ ಪಾಲಿನದು ಹಾಗೇ ಉಳಿದಿದೆ ಅನಿಸುತ್ತದೆ. ಮುಂದಿನ ಸಲ ಊರಿಗೆ ಹೋದಾಗ ಗ್ಯಾಸು, ಬ್ಯಾಂಕು, ತಮ್ಮನ ಫೀಸು ಎಲ್ಲಾ ಪಕ್ಕಕ್ಕಿಟ್ಟು ಅಮ್ಮನ ಹತ್ತಿರ ಸುಮ್ನೆ ಅಪ್ಪನ ಮಾತು ತೆಗೆಯಿರಿ. ಅಳು ಬಂದರೆ ಬರಲಿ.

ಹಾಗಂತ ಇನ್ನು ಮೇಲೆ ನಾನಿರೋದೇ ಹೀಗೆ ಅಂತ ಮನೆಯಲ್ಲಿ ಜಗಳ ತೆಗೆಯಬೇಡಿ, ಕೆಲಸ ಬಿಡಬೇಡಿ. ಯಾರಾದರೂ ಏನಾದರೂ ಕೇಳಿದರೆ ‘ನೋಡಿ ನಾಳೆ ಹೇಳ್ತೀನಿ’ ಅನ್ನಿ. ಅಷ್ಟೇ. ಆ ಒಂದು ರಾತ್ರಿ ಸಿಕ್ಕರೆ ನಿಮಗೆ ಬೇಕೋ ಬೇಡವೋ ಗೊತ್ತಾಗುತ್ತದೆ. ‘ಇತ್ತೀಚೆಗೆ ಬದಲಾಗಿದ್ದಾಳೆ’ ಅಂತ ಒಬ್ಬರಲ್ಲ ಒಬ್ಬರು ಅಂದೇ ಅನ್ನುತ್ತಾರೆ, ಪಾಪ, ಅವರಿಗೂ ಅಭ್ಯಾಸ ಆಗಬೇಕಲ್ವಾ.

ನಿದ್ದೆಯಿಲ್ಲದ್ದು ಎರಡು ವಾರ ದಾಟಿದ್ದರೆ ಮಾತ್ರ ತಡ ಮಾಡಬೇಡಿ. 14416ಕ್ಕೆ ಫೋನ್ ಮಾಡಿ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಟೆಲಿ ಮನಸ್ ಅದು. ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಅಂದಹಾಗೆ, ಆವತ್ತು ಕೊನೆಗೆ ಏನು ತಿಂದಿರಿ? ಅದನ್ನು ಬರೆದೇ ಇಲ್ಲ ನೀವು.