ಟ್ಯಾಂಕ್ ತೊಳೆದರೆ ಸಾಲದು, ಪೈಪನ್ನೂ ನೋಡಿ

ಹಾವೇರಿ ಜಿಲ್ಲೆಯ ಹಳ್ಳಿಯೊಂದರಿಂದ ಓದುಗರೊಬ್ಬರು ಬರೆದಿದ್ದಾರೆ: "ಮಳೆ ಶುರುವಾದ ಮೇಲೆ ನಮ್ಮ ಓಣಿಯ ಮಕ್ಕಳಿಗೆ ವಾಂತಿಭೇದಿ. ಪಂಚಾಯಿತಿಯಲ್ಲಿ ಕೇಳಿದರೆ ಟ್ಯಾಂಕ್ ತೊಳೆಸಿದ್ದೇವೆ, ಬ್ಲೀಚಿಂಗ್ ಪುಡಿ ಹಾಕಿಸಿದ್ದೇವೆ ಅನ್ನುತ್ತಾರೆ. ನೀರು ತಿಳಿಯಾಗಿಯೇ ಇದೆ. ಮನೆಗೊಂದು ಫಿಲ್ಟರ್ ತರುವುದೇ ದಾರಿಯಾ?"

ಸಂಪಾದಕರ ಉತ್ತರ:

ಖಂಡಿತ ಅಲ್ಲ. ನಲ್ಲಿಯಲ್ಲಿ ಒಳ್ಳೆಯ ನೀರು ಕೊಡುವುದು ಪಂಚಾಯಿತಿಯ ಕೆಲಸ. ಅದನ್ನು ಮನೆಮನೆಯ ಖರ್ಚು ಮಾಡಿಬಿಟ್ಟರೆ ಕೂಲಿ ಮಾಡುವವರ ಮಕ್ಕಳು ಏನು ಕುಡಿಯಬೇಕು?

ಮೊದಲು ಮಕ್ಕಳ ವಿಷಯ. ನೀರನ್ನು ಚೆನ್ನಾಗಿ ಕುದಿಸಿ, ಆರಿಸಿ ಕೊಡಿ. ಆಶಾ ಕಾರ್ಯಕರ್ತೆಯಿಂದ ಓಆರ್‌ಎಸ್ ಪೊಟ್ಟಣ ತನ್ನಿ. ಎಷ್ಟು ಜನರಿಗೆ ಹೀಗಾಗಿದೆ ಎಂದು ಆರೋಗ್ಯ ಕೇಂದ್ರಕ್ಕೆ ಇವತ್ತೇ ತಿಳಿಸಿ. 2021ರಲ್ಲಿ ಹೂವಿನಹಡಗಲಿ ತಾಲ್ಲೂಕಿನ ಮಕರಬ್ಬಿಯಲ್ಲಿ, 2023ರಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರಿನಿಂದ ಜನ ಸತ್ತರು. ಮಳೆಗಾಲದಲ್ಲಿ ಇದೆಲ್ಲ ಮಾಮೂಲು ಅಂತ ಯಾರಾದರೂ ಅಂದರೆ ಒಪ್ಪಬೇಡಿ.

ಟ್ಯಾಂಕ್ ತೊಳೆಸಿರಬಹುದು. ಆದರೆ ಟ್ಯಾಂಕಿನಿಂದ ನಿಮ್ಮ ನಲ್ಲಿಯ ತನಕ ಪೈಪ್ ಇದೆ ಅಲ್ವಾ? ಎಷ್ಟೋ ಊರುಗಳಲ್ಲಿ ಅದು ಚರಂಡಿಯ ಮಗ್ಗುಲಲ್ಲೇ ಹೋಗಿರುತ್ತದೆ, ಕೆಲವೆಡೆ ಚರಂಡಿಯೊಳಗೇ. ನೀರು ಬಿಟ್ಟಾಗ ಒಡಕಿನಿಂದ ನೀರು ಹೊರಗೆ ಚಿಮ್ಮುತ್ತದೆ. ನಿಲ್ಲಿಸಿದಾಗ ಪೈಪ್ ಖಾಲಿಯಾಗಿ, ಅದೇ ಒಡಕಿನಿಂದ ಚರಂಡಿಯ ನೀರು ಒಳಗೆ ಬರುತ್ತದೆ. ಮಳೆಗಾಲದಲ್ಲಿ ಚರಂಡಿ ತುಂಬಿರುವುದರಿಂದ ಇದು ಜಾಸ್ತಿ. ಪೈಪಿಗೇ ನೇರ ಮೋಟಾರ್ ಹಚ್ಚಿ ಎಳೆಯುವ ಮನೆಗಳಿದ್ದರೆ ಕೊಳೆಯೂ ಜೊತೆಗೇ ಬರುತ್ತದೆ. ಗುಂಡಿ ತೋಡಿ ತಗ್ಗಿನಲ್ಲಿ ನಲ್ಲಿ ಇಟ್ಟುಕೊಂಡಿದ್ದರೂ ಅಷ್ಟೇ. ಈ ಎರಡನ್ನು ಮಾತ್ರ ಪಂಚಾಯಿತಿಗೆ ಕಾಯದೆ ಊರಿನವರೇ ನಿಲ್ಲಿಸಬೇಕು.

ತಪ್ಪು ಎಲ್ಲಿದೆ ಎಂದು ನೀವೇ ಕಂಡುಕೊಳ್ಳಬಹುದು. ಜಲ ಜೀವನ್ ಮಿಷನ್ ಪ್ರಕಾರ ಪ್ರತಿ ಹಳ್ಳಿಯಲ್ಲಿ 5 ಮಹಿಳೆಯರಿಗೆ ನೀರಿನ ಪರೀಕ್ಷೆಯ ತರಬೇತಿ ಕೊಡಬೇಕು. ನಿಮ್ಮೂರಿನಲ್ಲಿ ಅವರು ಯಾರು, ಕಿಟ್ ಎಲ್ಲಿದೆ ಎಂದು ಕೇಳಿ. ಸೋಂಕು ಪರೀಕ್ಷೆಯ ಬಾಟಲಿಗಳಲ್ಲಿ ಒಂದಕ್ಕೆ ಟ್ಯಾಂಕಿನ ನೀರು, ಇನ್ನೊಂದಕ್ಕೆ ನಿಮ್ಮ ಓಣಿಯ ಕಟ್ಟಕಡೆಯ ನಲ್ಲಿಯ ನೀರು ತುಂಬಿಸಿ. ಒಂದೆರಡು ದಿನದಲ್ಲಿ ನೀರು ಕಪ್ಪಾದರೆ ಮಲದ ಸೋಂಕು ಸೇರಿದೆ ಎಂದೇ ತಿಳಿಯಿರಿ. ಟ್ಯಾಂಕಿನದು ಕಪ್ಪಾಗದೆ ನಲ್ಲಿಯದು ಮಾತ್ರ ಕಪ್ಪಾದರೆ ಪೈಪ್ ಒಡೆದಿದೆ. ಎರಡೂ ಕಪ್ಪಾದರೆ ಬೋರ್‌ವೆಲ್ ಅಥವಾ ಟ್ಯಾಂಕನ್ನೇ ನೋಡಬೇಕು.

ಬ್ಲೀಚಿಂಗ್ ಪುಡಿಯ ಮಾತು. ಬಾಯಿ ತೆರೆದ ಚೀಲದಲ್ಲಿ ಅದರ ಕ್ಲೋರಿನ್ ಹಾರಿಹೋಗುತ್ತದೆ. ಆಮೇಲೆ ಎಷ್ಟು ಸುರಿದರೂ ಸುಮ್ನೆ. ಕಡೆಯ ನಲ್ಲಿಯಲ್ಲೂ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಇದನ್ನೂ ಕಿಟ್‌ನಲ್ಲೇ ನೋಡಬಹುದು. ದಯವಿಟ್ಟು ಎಲ್ಲವನ್ನೂ ನೀರುಗಂಟಿಯ ತಲೆಗೆ ಕಟ್ಟಬೇಡಿ. ಎಷ್ಟು ನೀರಿಗೆ ಎಷ್ಟು ಪುಡಿ ಎಂದು ಹೇಳಿಕೊಡದೆ ಚೀಲವನ್ನಷ್ಟೇ ಕೊಟ್ಟರೆ ಅವರಾದರೂ ಏನು ಮಾಡಬೇಕು?

ಫಲಿತಾಂಶ ಬರೆದು, ಓಣಿಯವರೆಲ್ಲ ಸಹಿ ಹಾಕಿ ಪಿಡಿಒ ಅವರಿಗೆ ಅರ್ಜಿ ಕೊಡಿ. ಸ್ವೀಕೃತಿ ಪಡೆಯಿರಿ. ಜಿಲ್ಲಾ ಪ್ರಯೋಗಾಲಯಕ್ಕೂ ನೀರು ಕಳಿಸಿ ಎಂದು ಅದರಲ್ಲೇ ಕೇಳಿ. ಅವರು ಏನು ಉತ್ತರ ಕೊಟ್ಟರು ಎಂದು ನಮಗೂ ತಿಳಿಸಿ, ಮುಂದಿನ ಸಂಚಿಕೆಯಲ್ಲಿ ಪ್ರಕಟಿಸುತ್ತೇವೆ.

– ಸಂ.