ಹೆಪ್ಪು ಕೇಳುವ ನೆಪ

ಬಾಗಲಕೋಟೆಯ ನವನಗರದಿಂದ ನಿವೃತ್ತ ಶಿಕ್ಷಕಿಯೊಬ್ಬರು ಎರಡು ಪುಟದ ಪತ್ರ ಬರೆದಿದ್ದಾರೆ. ಅದರ ಸಾರ ಇಷ್ಟು. ಸಂಕ್ರಾಂತಿ ದಿನ ಅವರು ಮನೆಯಲ್ಲೇ ಮಾಡಿದ ಕುಸುರೆಳ್ಳು ಹಿಡಿದು ಅಕ್ಕಪಕ್ಕದ ಹತ್ತು ಮನೆಗೆ ಹೋದರು. ನಾಲ್ಕು ಮನೆಯವರು ಬಾಗಿಲೇ ತೆಗೆಯಲಿಲ್ಲ. ಇನ್ನೊಂದು ಮನೆಯ ಹುಡುಗ ಒಳಗಿನಿಂದಲೇ "ನಾವೇನೂ ಆರ್ಡರ್ ಮಾಡಿಲ್ರೀ" ಅಂದ. ಡಿಸೆಂಬರ್ 31ರ ರಾತ್ರಿ ಹನ್ನೆರಡಕ್ಕೆ ಪಟಾಕಿ ಹೊಡೆದು ಕೂಗಾಡಿದವರೂ ಇದೇ ಮನೆಗಳವರು. "ನಮ್ಮದಲ್ಲದ ಹೊಸ ವರ್ಷ ಬಂತು, ನಮ್ಮ ಮಂದಿ ಹ್ವಾದ್ರು. ಈ ನವನಗರ ಊರು ಆಗೂದು ಯಾವಾಗ?" ಎಂದು ಕೇಳಿದ್ದಾರೆ.

ಅಕ್ಕಾರೇ, ನಮಸ್ಕಾರ.

ಕನ್ನಡ ಸಾಲಿಯಲ್ಲಿ ಕಲಿತ ನನಗೆ ಪಾಠ ಹೇಳುವವರು ಇವತ್ತಿಗೂ ಅಕ್ಕಾರೇ, ಮೇಡಂ ಅನ್ನೋಕೆ ನಾಲಿಗೆ ಹೊರಳುವುದಿಲ್ಲ. ನಿಮ್ಮ ಪತ್ರ ಓದಿ ಮೊದಲು ನಕ್ಕೆ. ಆಮೇಲೆ ಆ ಹುಡುಗನ ಜಾಗದಲ್ಲಿ ನನ್ನ ಮಗನನ್ನು ನಿಲ್ಲಿಸಿ ನೋಡಿದೆ. ಅವನೂ ಅದನ್ನೇ ಅನ್ನುತ್ತಿದ್ದ. ಕರೆಯದೆ ಬಾಗಿಲಿಗೆ ಬರುವವರು ಅವನಿಗೆ ಗೊತ್ತಿರುವುದು ಎರಡೇ ತರದವರು: ಪಾರ್ಸೆಲ್ ತಂದವರು, ವೋಟು ಕೇಳುವವರು. ನಿಮ್ಮ ಕೈಯಲ್ಲಿ ಡಬ್ಬಿ ಇತ್ತು, ಹಾಗಾಗಿ ವೋಟಿನವರಲ್ಲ ಎಂದು ತಿಳಿದಿರಬೇಕು.

ಕುಸುರೆಳ್ಳು ಮಾಡುವ ಕಷ್ಟ ನನಗೆ ಗೊತ್ತು. ಚಳಿಯ ಬೆಳಗಿನಲ್ಲಿ ಸಣ್ಣ ಉರಿಯ ಮೇಲೆ ಎಳ್ಳು ಇಟ್ಟು, ಸಕ್ಕರೆ ಪಾಕ ಹನಿಹನಿಯಾಗಿ ಬಿಡುತ್ತಾ, ಬೆರಳಿನಿಂದ ಆಡಿಸುತ್ತಾ ಕೂರಬೇಕು. ಅವಸರ ಮಾಡಿದರೆ ಕುಸುರು ಏಳುವುದಿಲ್ಲ, ಗಂಟು ಕಟ್ಟುತ್ತದೆ. ನಮ್ಮವ್ವ ದಿನಾ ಒಂದಿಷ್ಟು ಹೊತ್ತು ಎಂದು ನಾಲ್ಕೈದು ದಿನ ಮಾಡುತ್ತಿದ್ದಳು. ಅಷ್ಟು ಕೂತು ಮಾಡಿದ್ದನ್ನು ವಾಪಸ್ ಹೊತ್ತುಕೊಂಡು ಬಂದಿರಿ ಅಂದರೆ, ಸಿಟ್ಟು ಬರುವುದು ಸಹಜ.

ಆದರೆ ಡಿಸೆಂಬರ್ 31ರ ಮೇಲೆ ಹೊರಿಸಿದ ತಪ್ಪು ನನಗೆ ಒಪ್ಪಿಗೆಯಿಲ್ಲ. ಬೆಳಗಾವಿಯನ್ನೇ ನೋಡಿ. ಅಲ್ಲಿ ಕ್ಯಾಂಪಿನ ಕಡೆ ಆ ರಾತ್ರಿ 'ಓಲ್ಡ್ ಮ್ಯಾನ್' ಸುಡುತ್ತಾರೆ. ಗಲ್ಲಿಯ ಹುಡುಗರು ಮನೆಮನೆಗೆ ಹೋಗಿ ಹಳೇ ಪ್ಯಾಂಟು, ಶರ್ಟು ಕೇಳಿ ತರುತ್ತಾರೆ, ಹುಲ್ಲು ತುಂಬಿ ಮುದುಕನನ್ನು ಮಾಡಿ ನಿಲ್ಲಿಸುತ್ತಾರೆ, ಹನ್ನೆರಡಕ್ಕೆ ಬೆಂಕಿ ಇಡುತ್ತಾರೆ. ಬ್ರಿಟಿಷರ ಹೊಸ ವರ್ಷ ಇರಬಹುದು. ಆದರೆ ಹುಡುಗರು ಬಾಗಿಲು ಬಡಿದು ಹಳೇ ಬಟ್ಟೆ ಕೇಳಿದರಲ್ಲ, ಅಲ್ಲಿಗೆ ಅದು ಗಲ್ಲಿಯ ಹಬ್ಬವಾಯಿತು. ಹಾಗೆ ನೋಡಿದರೆ ನಮ್ಮ ಕಡೆ ವರ್ಷ ಒಂದೇ ರಾತ್ರಿಗೆ ತಿರುಗುವುದೂ ಇಲ್ಲ. ಎಳ್ಳಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲುತ್ತೇವೆ, ಸಂಕ್ರಾಂತಿಗೆ ಕೂಡಲಸಂಗಮದಲ್ಲಿ ಮುಳುಗು ಹಾಕುತ್ತೇವೆ, ಆಮೇಲೆ ಬಾದಾಮಿ ಬನಶಂಕರಿ ಜಾತ್ರೆ, ಹೋಳಿಯ ಹಲಗೆ, ಕಡೆಗೆ ಯುಗಾದಿ. ಮೂರು ತಿಂಗಳು ತಗೊಂಡು ನಿಧಾನ ತಿರುಗುವ ವರ್ಷಕ್ಕೆ ಒಂದು ರಾತ್ರಿ ಜಾಸ್ತಿ ಸೇರಿದರೆ ಏನು ಹೋಯಿತು?

ನನಗೆ ಕಾಣುವ ಕಾರಣ ಬೇರೆ. ಅದು ಹೆಪ್ಪಿನದು.

ಹಳೇ ಬಾಗಲಕೋಟೆಯಲ್ಲಿ ನಮ್ಮ ಮನೆಗೂ ಪಕ್ಕದ ಮನೆಗೂ ಒಂದೇ ಗೋಡೆ. ಮಾಳಿಗೆ ಮೇಲೆ ಹತ್ತಿದರೆ ಯಾರದು ಎಲ್ಲಿ ಮುಗಿಯಿತು ಎಂದು ತಿಳಿಯುತ್ತಿರಲಿಲ್ಲ. ಸಂಜೆ ಹಾಲು ಕಾಯಿಸಿದ ಮೇಲೆ ಅವ್ವ ನನ್ನ ಕೈಗೆ ಒಂದು ಬಟ್ಟಲು ಕೊಟ್ಟು, "ಹೆಪ್ಪು ಇಸ್ಕೊಂಡ್ ಬಾ, ದೀಪ ಹಚ್ಚೂದ್ರಾಗ ಬಾ" ಎಂದು ಕಳಿಸುತ್ತಿದ್ದಳು. ದೀಪ ಹಚ್ಚಿದ ಮೇಲೆ ಯಾರೂ ಮೊಸರು ಕೊಡುವುದಿಲ್ಲವಲ್ಲ. ಒಂದು ದಿನ ನಮ್ಮ ನೆಲುವಿನ ಗಡಿಗೆಯಲ್ಲೇ ಮೊಸರು ಇರುವುದು ಕಂಡೆ. "ಐತಲ್ಲಬೇ" ಅಂದೆ. "ಐತಿ. ಆದ್ರೂ ಹೋಗಿ ಬಾ" ಅಂದಳು. ಪಕ್ಕದ ಮನೆಯ ಅಜ್ಜಿಗೆ ಎರಡು ದಿನದಿಂದ ಜ್ವರ. ಹೆಂಗಿದ್ದೀ ಎಂದು ಕೇಳಲು ಹೋದರೆ ಆಕೆ ಚಲೋ ಇದ್ದೀನಿ ಅನ್ನುತ್ತಿದ್ದಳು. ಹೆಪ್ಪು ಕೇಳಲು ಹೋದರೆ ಎದ್ದು ಬರುತ್ತಾಳೋ ಇಲ್ಲವೋ ಗೊತ್ತಾಗುತ್ತಿತ್ತು.

ನನಗೆ ಇದು ಅರ್ಥವಾಗಲು ಮೂವತ್ತು ವರ್ಷ ಹಿಡಿಯಿತು. ಕೊಡುವವರ ಮುಂದೆ ನಾವು ಸ್ವಲ್ಪ ಸಣ್ಣವರಾಗುತ್ತೇವೆ. ಕೇಳಲು ಬಂದವರ ಮುಂದೆ ದೊಡ್ಡವರಾಗುತ್ತೇವೆ. ನೀವು ತುಂಬಿದ ಡಬ್ಬಿ ಹಿಡಿದು ಹೋದಿರಿ, ಅಕ್ಕಾರೇ. ಗುರುತಿಲ್ಲದವರು ಸುಮ್ನೆ ಏನಾದರೂ ಕೊಟ್ಟರೆ ಈಗಿನ ಜನ ಹೆದರುತ್ತಾರೆ.

ಆಮೇಲೆ ನೀರು ಬಂತು. ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಘಟಪ್ರಭೆಯಲ್ಲಿ ಹಿಂದಕ್ಕೆ ಏರಿ ಊರಿನ ತಗ್ಗಿನ ಓಣಿಗಳನ್ನು ತಗೊಂಡಿತು. ಗೋಡೆ, ಬಾಗಿಲು, ಕಂಬ ಎಲ್ಲವನ್ನೂ ಬರೆದುಕೊಂಡು ಪರಿಹಾರ ಕೊಟ್ಟರು, ಈ ನವನಗರದ ಸೆಕ್ಟರ್‌ಗಳಲ್ಲಿ ಸೈಟು ಕೊಟ್ಟರು. ನಮ್ಮ ಓಣಿಯವರು ಚೆಲ್ಲಾಪಿಲ್ಲಿಯಾದರು. ಹೆಪ್ಪಿನ ಅಜ್ಜಿಯ ಮಗ ಈಗ ಇರುವ ಸೆಕ್ಟರ್‌ಗೆ ನನ್ನ ಮನೆಯಿಂದ ಗಾಡಿ ತಗೊಂಡೇ ಹೋಗಬೇಕು. 1997ರಲ್ಲಿ ಜಿಲ್ಲೆಯಾದ ಮೇಲೆ ಕಚೇರಿಗಳು ಬಂದವು, ನೌಕರಿಯವರು ಬಂದರು. ಎರಡು-ಮೂರು ವರ್ಷಕ್ಕೆ ವರ್ಗ ಆಗಿ ಹೋಗುವವರು ಯಾರ ಹತ್ತಿರ ಏನು ಕೇಳುತ್ತಾರೆ? ಮೊಸರಿಗೆ ಪಾಕೀಟು ಇದೆ, ಉಳಿದದ್ದಕ್ಕೆ ಫೋನು ಇದೆ.

ಆದರೆ ಹಳೇ ಓಣಿಯನ್ನು ಹೊಗಳುತ್ತಾ ಕೂರಲೂ ನನಗೆ ಧೈರ್ಯವಿಲ್ಲ. ಆ ಹೆಪ್ಪು ಎಲ್ಲರ ಮನೆಗೂ ಹೋಗುತ್ತಿರಲಿಲ್ಲ. ಓಣಿಯ ಹೆಸರು ಹೇಳಿದರೆ ಸಾಕು, ನೀವು ಯಾವ ಮಂದಿ ಎಂದು ತಿಳಿಯುತ್ತಿತ್ತು. ನಮ್ಮವ್ವನ ಬಟ್ಟಲು ನಮ್ಮ ಓಣಿಯ ತಿರುವು ದಾಟಿದ್ದನ್ನು ನಾನು ಕಂಡಿಲ್ಲ. ಅದರಾಚೆಯವರು ನಮ್ಮ ಮನೆಗೆ ಬಂದರೆ ಕಟ್ಟೆಯ ಕೆಳಗೇ ನಿಲ್ಲುತ್ತಿದ್ದರು, ಅವ್ವ ಮೇಲಿನಿಂದ ಹಾಕುತ್ತಿದ್ದಳು. ಅವಳು ಕೆಟ್ಟವಳಲ್ಲ. ಹಾಗೆ ನಡೆದುಕೊಂಡು ಬಂದಿತ್ತು, ಅವಳೂ ನಡೆಸಿದಳು, ನೋಡುತ್ತಾ ನಾನೂ ಬೆಳೆದೆ. ಸೆಕ್ಟರ್‌ಗೆ ಬರೀ ನಂಬರು ಇದೆ ಎಂದು ನೀವು ಬೇಸರದಿಂದ ಬರೆದಿದ್ದೀರಿ. ಆ ನಂಬರಿಗೆ ಜಾತಿಯಿಲ್ಲ ಎನ್ನುವುದು ನನಗೆ ಸಣ್ಣ ಸಂಗತಿಯಾಗಿ ಕಾಣುವುದಿಲ್ಲ. ಮನೆ ಬಾಡಿಗೆ ಕೊಡುವಾಗ "ನೀವು ಯಾವ ಮಂದಿರೀ?" ಎಂದು ಈಗಲೂ ಕೇಳುತ್ತಾರೆ, ಅದೂ ಗೊತ್ತು.

ಇದನ್ನೆಲ್ಲ ಬರೆಯಲು ಇನ್ನೊಂದು ಕಾರಣವಿದೆ. ಅಣೆಕಟ್ಟಿನ ನೀರಿನ ಮಟ್ಟವನ್ನು 519.6 ಮೀಟರ್‌ನಿಂದ 524.256 ಮೀಟರ್‌ಗೆ ಏರಿಸುವ ಮಾತು ಬಹಳ ವರ್ಷದಿಂದ ನಡೆದಿದೆ. ಏರಿದರೆ ಇನ್ನಷ್ಟು ಊರು ಎದ್ದು ಹೋಗಬೇಕು. ಎಕರೆಗೆ ಎಷ್ಟು ಎಂದು ಎಲ್ಲರೂ ಕೇಳುತ್ತಾರೆ, ಕೇಳಲೇಬೇಕು. ಅಕ್ಕಪಕ್ಕ ಇದ್ದವರಿಗೆ ಅಕ್ಕಪಕ್ಕವೇ ಸೈಟು ಕೊಡಿ, ಬೇಕಿದ್ದರೆ ಬದಲಾಯಿಸಿಕೊಳ್ಳಲು ಬಿಡಿ ಎಂದೂ ಯಾರಾದರೂ ಕೇಳಿದರೆ ಚಲೋ.

ಇನ್ನು ನಿಮ್ಮ ಐದು ಮನೆಯ ವಿಷಯ. ಯುಗಾದಿಯವರೆಗೆ ಕಾಯಬೇಡಿ. ಡಬ್ಬಿ ಮನೆಯಲ್ಲೇ ಇಟ್ಟು ಆ ಆರ್ಡರ್ ಹುಡುಗನ ಮನೆಗೆ ಹೋಗಿ ಏನಾದರೂ ಕೇಳಿ. ನಿಚ್ಚಣಿಕೆ ಕೇಳಿ. ಫೋನಿನಲ್ಲಿ ಕರೆಂಟ್ ಬಿಲ್ ಕಟ್ಟಿಕೊಡು ಎಂದು ಕೇಳಿ. ಅವನು ಬಾಗಿಲು ತೆಗೆಯುತ್ತಾನೆ, ನೋಡುತ್ತಿರಿ. ನಿಚ್ಚಣಿಕೆ ವಾಪಸ್ ಕೊಡುವ ದಿನ ಬೇಕಾದರೆ ಕುಸುರೆಳ್ಳು ಒಯ್ಯಿರಿ.

ಲಕೋಟೆಯ ಮೇಲಿನ ವಿಳಾಸ ನೋಡಿದೆ. ನಿಮ್ಮ ಮನೆ ನನ್ನ ಮನೆಯಿಂದ ಎರಡೇ ಕ್ರಾಸ್. ಇಷ್ಟು ವರ್ಷ ಗೊತ್ತೇ ಇರಲಿಲ್ಲ, ಮತ್ತು ಇಲ್ಲಿ ಕೂತು ನಿಮಗೆ ಬುದ್ಧಿ ಹೇಳುತ್ತಿದ್ದೇನೆ. ಈ ಭಾನುವಾರ ಬಟ್ಟಲು ಹಿಡಿದು ಬರುತ್ತೇನೆ, ಅಕ್ಕಾರೇ. ದೀಪ ಹಚ್ಚುವ ಮೊದಲೇ.