ಪಿಎಚ್‌ಡಿಗೆ ಒಂದು ಕಡೆಯಿಂದ ಆಫರ್ ಬಂದಿದೆ, ಉಳಿದ ಕಡೆಯಿಂದ ಸುದ್ದಿಯಿಲ್ಲ. ಒಪ್ಪಿಕೊಳ್ಳಲಾ, ಕಾಯಲಾ?

ನಿಮ್ಮ ಪ್ರಶ್ನೆ ಓದಿದೆ. ದಾವಣಗೆರೆ ವಿಶ್ವವಿದ್ಯಾಲಯದಲ್ಲಿ ಎಂಎಸ್ಸಿ ಕೆಮಿಸ್ಟ್ರಿ ಮುಗಿಸಿದ್ದೀರಿ. ಜೆಆರ್‌ಎಫ್ (ಭಾರತದಲ್ಲಿ ಸಂಶೋಧನೆ ಮಾಡುವವರಿಗೆ ಸಿಗುವ ಫೆಲೋಶಿಪ್) ಆಗಿದೆ. ಅಮೆರಿಕದ ಒಂದು ವಿಶ್ವವಿದ್ಯಾಲಯ ಟೀಚಿಂಗ್ ಅಸಿಸ್ಟೆಂಟ್ ಕೆಲಸದ ಜೊತೆ ಸೀಟು ಕೊಟ್ಟಿದೆ, ವರ್ಷಕ್ಕೆ 22,500 ಡಾಲರ್. ನಿಮಗೆ ಜಾಸ್ತಿ ಇಷ್ಟವಾದ ಇನ್ನೊಂದು ಕಡೆ ವೇಟ್‌ಲಿಸ್ಟ್. ಬೆಂಗಳೂರಿನ ಐಐಎಸ್ಸಿಯಲ್ಲಿ ಸಂದರ್ಶನ ಇನ್ನೂ ಆಗಬೇಕು. ಮನೆಯಲ್ಲಿ ದಿನಾ "ಏನಾಯ್ತು?" ಅಂತ ಕೇಳುತ್ತಿದ್ದಾರೆ. ನಾನೂ ದಾವಣಗೆರೆಯವಳೇ, ಅದೇ ವಿಶ್ವವಿದ್ಯಾಲಯದ ಶಿವಗಂಗೋತ್ರಿ ಕ್ಯಾಂಪಸ್ಸಿನಲ್ಲೇ ಓದಿ ಆಮೇಲೆ ಅಮೆರಿಕದಲ್ಲಿ ಪಿಎಚ್‌ಡಿ ಮಾಡಿದವಳು. ಹಾಗಾಗಿ ಈ ದಿನಗಳು ಹೇಗಿರುತ್ತವೆ ಅಂತ ಚೆನ್ನಾಗಿ ಗೊತ್ತು.

ಉತ್ತರ ಮೊದಲೇ ಹೇಳಿಬಿಡುತ್ತೇನೆ. ಏಪ್ರಿಲ್ 15ರವರೆಗೆ ಯಾರಿಗೂ ಹೂಂ ಅನ್ನಬೇಡಿ. ಅಷ್ಟರೊಳಗೆ ಪ್ರತಿ ಆಫರಿನ ಹಣ ಯಾರ ಕೈಯಿಂದ ಬರುತ್ತೆ, ಎಷ್ಟು ವರ್ಷ ಬರುತ್ತೆ ಅಂತ ಬರಹದಲ್ಲಿ ತರಿಸಿಕೊಳ್ಳಿ. ಮೊತ್ತ ಎಷ್ಟು ಅನ್ನುವುದು ಅದಾದ ಮೇಲಿನ ಮಾತು.

ಏಪ್ರಿಲ್ 15 ಯಾಕೆ ಅಂದರೆ, ಅಮೆರಿಕದ ಕೌನ್ಸಿಲ್ ಆಫ್ ಗ್ರಾಜುಯೇಟ್ ಸ್ಕೂಲ್ಸ್ ಅನ್ನುವ ಸಂಸ್ಥೆಯ ಒಂದು ನಿರ್ಣಯವಿದೆ. ಅದಕ್ಕೆ ಸಹಿ ಹಾಕಿದ ವಿಶ್ವವಿದ್ಯಾಲಯಗಳು ಹಣದ ನೆರವಿನ ಆಫರ್ ಕೊಟ್ಟರೆ, ಆ ತಾರೀಕಿಗಿಂತ ಮೊದಲು ಉತ್ತರ ಕೊಡಲೇಬೇಕು ಅಂತ ನಿಮ್ಮನ್ನು ಒತ್ತಾಯಿಸುವ ಹಾಗಿಲ್ಲ. ಮೊದಲೇ ಒಪ್ಪಿಕೊಂಡಿದ್ದರೂ ಆ ದಿನದವರೆಗೆ ಬರಹದಲ್ಲಿ ತಿಳಿಸಿ ಹಿಂದೆ ಸರಿಯಬಹುದು. ಸಹಿ ಹಾಕಿದವರ ಪಟ್ಟಿ ಆ ಸಂಸ್ಥೆಯ ವೆಬ್‌ಸೈಟಿನಲ್ಲೇ ಇದೆ, ನಿಮ್ಮ ಎರಡೂ ವಿಶ್ವವಿದ್ಯಾಲಯ ಅದರಲ್ಲಿವೆಯಾ ನೋಡಿ. ಒಂದು ಮಾತು ನೆನಪಿರಲಿ, ಈ ನಿಯಮ ಇರುವುದು ಹಣದ ನೆರವು ಇರುವ ಆಫರಿಗೆ ಮಾತ್ರ.

ವೇಟ್‌ಲಿಸ್ಟ್ ಕದಲುವುದೂ ಇದೇ ತಾರೀಕಿನ ಆಸುಪಾಸಿನಲ್ಲಿ. ಮೊದಲ ಸುತ್ತಿನಲ್ಲಿ ಸೀಟು ಸಿಕ್ಕವರು ನಾಲ್ಕೈದು ಆಫರ್ ಇಟ್ಟುಕೊಂಡು ಕೂತಿರುತ್ತಾರೆ. ಅವರು ಬೇಡ ಅಂದ ಮೇಲೇ ಕೆಳಗಿನವರಿಗೆ ಪತ್ರ ಹೋಗುವುದು. ಹಾಗಾಗಿ ಮಾರ್ಚಿನಲ್ಲಿ ಸುದ್ದಿಯಿಲ್ಲ ಅಂದರೆ ಕೈಬಿಟ್ಟರು ಅಂತ ಅರ್ಥ ಮಾಡಿಕೊಳ್ಳಬೇಡಿ. ಆ ಕಡೆಗೆ ಒಂದೇ ಒಂದು ಮೇಲ್ ಬರೆಯಿರಿ. ಇನ್ನೂ ಆಸಕ್ತಿ ಇದೆ, ಸೀಟು ಸಿಕ್ಕರೆ ಬರುತ್ತೇನೆ ಅನ್ನಿ (ನಿಜವಾಗಿದ್ದರೆ ಮಾತ್ರ). ಜೊತೆಗೆ ವೇಟ್‌ಲಿಸ್ಟಿನಿಂದ ತೆಗೆದುಕೊಂಡವರಿಗೂ ಅದೇ ಹಣದ ನೆರವು ಇದೆಯಾ ಅಂತ ಕೇಳಿ. ವಾರ ವಾರ ಬರೆದು ಕಾಡಬೇಡಿ.

ಇನ್ನೊಂದು ಸಣ್ಣ ವಿಷಯ, ಆದರೆ ನಿದ್ದೆಗೆ ಒಳ್ಳೆಯದು. ಮಾರ್ಚ್ ಮಧ್ಯದ ನಂತರ ಅಮೆರಿಕದ ಪೂರ್ವ ಕರಾವಳಿಯಲ್ಲಿ ಬೆಳಿಗ್ಗೆ 9ಕ್ಕೆ ಆಫೀಸು ತೆರೆದಾಗ ನಮಗೆ ಸಂಜೆ ಆರೂವರೆ. ಪಶ್ಚಿಮ ಕರಾವಳಿಯಾದರೆ ರಾತ್ರಿ ಒಂಬತ್ತೂವರೆ. ಹಗಲಿಡೀ ಫೋನ್ ತೆಗೆದು ತೆಗೆದು ನೋಡಿದರೆ ಏನೂ ಬರುವುದಿಲ್ಲ. ಬೆಳಿಗ್ಗೆ ಎದ್ದು ಒಮ್ಮೆ ನೋಡಿ, ಸಾಕು. ಶನಿವಾರ ಬೆಳಿಗ್ಗೆ ನೋಡಿದ ಮೇಲೆ ಸೋಮವಾರ ಸಂಜೆಯವರೆಗೆ ಬಿಟ್ಟುಬಿಡಿ.

ಈಗ ಹಣದ ವಿಷಯ. ನಮ್ಮಪ್ಪಾಜಿ ಎಪಿಎಂಸಿಯ ಒಂದು ದಲಾಲಿ ಅಂಗಡಿಯಲ್ಲಿ ಗುಮಾಸ್ತರಾಗಿದ್ದರು. ಮೆಕ್ಕೆಜೋಳದ ಸುಗ್ಗಿಯಲ್ಲಿ ರೈತರ ಪಟ್ಟಿ ಬರೆಯುವುದೇ ಕೆಲಸ. ಚೀಲ ಎಷ್ಟು, ತೂಕ ಎಷ್ಟು, ದರ ಎಷ್ಟು, ಹಮಾಲಿ ಕಳೆದು ಕೈಗೆ ಎಷ್ಟು. ನನ್ನ ಆಫರ್ ಲೆಟರನ್ನು ಪ್ರಿಂಟ್ ತೆಗೆಸಿ ಕೊಟ್ಟಾಗ ಅದನ್ನೂ ಪಟ್ಟಿಯ ಹಾಗೇ ನೋಡಿದರು. ಇಂಗ್ಲಿಷ್ ಅಷ್ಟಾಗಿ ಬರುತ್ತಿರಲಿಲ್ಲ, ಸಾಲು ಸಾಲಿಗೆ ನಾನು ಕನ್ನಡದಲ್ಲಿ ಹೇಳುತ್ತಾ ಹೋದೆ. ಡಾಲರನ್ನು ರೂಪಾಯಿಗೆ ತಿರುಗಿಸಿ ಖುಷಿಪಡುತ್ತಾರೆ ಅಂದುಕೊಂಡಿದ್ದೆ. ಅವರು ಪೆನ್ಸಿಲಿನಲ್ಲಿ ಮೊತ್ತದ ಕೆಳಗೆ ಗೆರೆ ಎಳೆದು ಕೇಳಿದರು: "ಈ ರೊಕ್ಕ ಯಾರ ಕೈಯಿಂದ ಬರ್ತೈತಮ್ಮ? ಆ ಮನುಷ್ಯ ಊರು ಬಿಟ್ಟು ಹೋದ್ರೆ ಯಾರು ಕೊಡ್ತಾರೆ?"

ಇದಕ್ಕಿಂತ ಒಳ್ಳೆಯ ಪ್ರಶ್ನೆಯನ್ನು ನನಗೆ ಆ ಮೇಲೂ ಯಾರೂ ಕೇಳಲಿಲ್ಲ. ಟೀಚಿಂಗ್ ಅಸಿಸ್ಟೆಂಟ್ ಹಣ ಸಾಮಾನ್ಯವಾಗಿ ವಿಭಾಗದ್ದು. ಲ್ಯಾಬ್ ಕ್ಲಾಸು ತೆಗೆದುಕೊಳ್ಳಬೇಕು, ಉತ್ತರ ಪತ್ರಿಕೆ ತಿದ್ದಬೇಕು, ಸಂಶೋಧನೆಗೆ ಸಿಗುವ ಸಮಯ ಕಡಿಮೆ. ಆದರೆ ಗೈಡ್ ಬದಲಾಯಿಸಿದರೂ ಆ ಹಣ ನಿಲ್ಲುವ ಸಂಭವ ಕಡಿಮೆ. ರಿಸರ್ಚ್ ಅಸಿಸ್ಟೆಂಟ್ ಹಣ ಪ್ರೊಫೆಸರ್ ತಂದ ಗ್ರಾಂಟಿನದು. ದಿನವಿಡೀ ನಿಮ್ಮದೇ ಕೆಲಸ ಮಾಡಬಹುದು, ಆದರೆ ಗ್ರಾಂಟ್ ಮುಗಿದರೆ, ಅವರು ಬೇರೆ ಕಡೆ ಹೋದರೆ, ಅಥವಾ ಅವರಿಗೂ ನಿಮಗೂ ಹೊಂದಿಕೆಯಾಗದಿದ್ದರೆ ಕಷ್ಟ. ಫೆಲೋಶಿಪ್ ನಿಮ್ಮ ಹೆಸರಿಗೇ ಬರುತ್ತದೆ, ಆದರೆ ಎಷ್ಟೋ ಸಲ ಅದು ಮೊದಲ ವರ್ಷಕ್ಕೆ ಮಾತ್ರ. 2025ರಲ್ಲಿ ಅಲ್ಲಿನ ಸರ್ಕಾರದ ಸಂಶೋಧನಾ ಹಣ ಕಡಿತವಾದಾಗ ಕೆಲವು ವಿಶ್ವವಿದ್ಯಾಲಯಗಳು ಸೀಟು ಕಡಿಮೆ ಮಾಡಿದವು, ಕೊಟ್ಟ ಆಫರನ್ನು ವಾಪಸ್ ಪಡೆದದ್ದೂ ಉಂಟು. ಹಾಗಾಗಿ "ಐದು ವರ್ಷ ಕೊಡುತ್ತೇವೆ" ಅಂತ ಫೋನಿನಲ್ಲಿ ಹೇಳಿದ್ದಕ್ಕೂ ಪತ್ರದಲ್ಲಿ ಬರೆದದ್ದಕ್ಕೂ ಬಹಳ ಫರಕಿದೆ.

ನಿಮ್ಮ 22,500 ಡಾಲರ್ ಪತ್ರವನ್ನು ಇನ್ನೊಮ್ಮೆ ಓದಿ. ಅದು 9 ತಿಂಗಳದ್ದಾ, 12 ತಿಂಗಳದ್ದಾ? 9 ತಿಂಗಳದ್ದಾದರೆ ತಿಂಗಳಿಗೆ 2,500 ಅಂತ ಕಾಣುತ್ತದೆ. ಬೇಸಿಗೆಯಲ್ಲಿ ಏನೂ ಬರದಿದ್ದರೆ ಅದನ್ನೇ 12ಕ್ಕೆ ಹಂಚಬೇಕು, ಆಗ 1,875. ಟ್ಯೂಷನ್ (ಕಲಿಕೆಯ ಶುಲ್ಕ) ಪೂರ್ತಿ ಮನ್ನಾ ಅಂತ ಇದ್ದರೂ "ಫೀಸ್" ಅಂತ ಬೇರೆ ಸಾಲು ಇರುತ್ತದೆ, ಅದನ್ನು ಪ್ರತಿ ಸೆಮಿಸ್ಟರಿಗೂ ನೀವೇ ಕಟ್ಟಬೇಕಾಗಬಹುದು. ಹೆಲ್ತ್ ಇನ್ಶೂರೆನ್ಸ್ ಯಾರು ಕಟ್ಟುತ್ತಾರೆ ಕೇಳಿ. ಸಂಬಳಕ್ಕೆ ತೆರಿಗೆಯೂ ಇದೆ, ಆದರೆ ಭಾರತದ ವಿದ್ಯಾರ್ಥಿಗಳಿಗೆ ಎರಡು ದೇಶಗಳ ಒಪ್ಪಂದದ ಪ್ರಕಾರ ಸ್ಟ್ಯಾಂಡರ್ಡ್ ಡಿಡಕ್ಷನ್ ಸಿಗುತ್ತದೆ, ಅಂದರೆ ಸಂಬಳದ ಒಂದು ಭಾಗಕ್ಕೆ ತೆರಿಗೆ ಇಲ್ಲ. ಕಡಿಮೆ ಬಿದ್ದರೆ ಹೊರಗೆ ಎಲ್ಲಾದರೂ ದುಡಿದು ಸರಿಮಾಡಿಕೊಳ್ಳುತ್ತೇನೆ ಅನ್ನುವ ಲೆಕ್ಕ ಹಾಕಬೇಡಿ. ವಿದ್ಯಾರ್ಥಿಗಳಿಗೆ ಕೊಡುವ ಎಫ್-1 ವೀಸಾದಲ್ಲಿ ಸೆಮಿಸ್ಟರ್ ನಡೆಯುವಾಗ ಕ್ಯಾಂಪಸ್ಸಿನೊಳಗೆ ವಾರಕ್ಕೆ 20 ಗಂಟೆ ಕೆಲಸಕ್ಕಷ್ಟೇ ಅವಕಾಶ, ಟೀಚಿಂಗ್ ಅಸಿಸ್ಟೆಂಟ್ ಕೆಲಸವೇ ಅದನ್ನು ತಿಂದುಬಿಡುತ್ತದೆ.

ಮೊದಲ ಸಂಬಳ ಕೈಗೆ ಬರುವ ಮುಂಚಿನ ಖರ್ಚೂ ಇದೆ. ಸೆವಿಸ್ (ವಿದೇಶಿ ವಿದ್ಯಾರ್ಥಿಗಳ ದಾಖಲೆ ಇಡುವ ಅಮೆರಿಕ ಸರ್ಕಾರದ ವ್ಯವಸ್ಥೆ) ಶುಲ್ಕವೇ 350 ಡಾಲರ್. ಅದರ ಮೇಲೆ ವೀಸಾ, ಟಿಕೆಟ್, ಮನೆಯ ಡೆಪಾಸಿಟ್. ಇಷ್ಟಕ್ಕೆ ಮನೆಯವರು ಕೈ ಸಾಲ ಮಾಡಿದರೆ ತೀರಿಸಬಹುದು. ಆದರೆ ಹಣದ ನೆರವೇ ಇಲ್ಲದ ಪಿಎಚ್‌ಡಿಗೆ ಮನೆ ಅಡವಿಟ್ಟು ಸಾಲ ಮಾಡಬೇಡಿ. ಈ ವಿಷಯದಲ್ಲಿ ನನಗೆ ಎರಡನೇ ಯೋಚನೆಯೇ ಇಲ್ಲ.

ಬೆಂಗಳೂರಿನ ದಾರಿಯನ್ನು ಹಗುರ ಮಾಡಬೇಡಿ. 2023ರ ಜನವರಿಯಿಂದ ಜೆಆರ್‌ಎಫ್ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ ಎಸ್‌ಆರ್‌ಎಫ್ (ಅದೇ ಫೆಲೋಶಿಪ್ಪಿನ ಮುಂದಿನ ಹಂತ) ಆದರೆ 42,000. ಹಾಸ್ಟೆಲ್ ಇಲ್ಲದಿದ್ದರೆ ಮನೆ ಬಾಡಿಗೆ ಭತ್ಯೆ ಬೇರೆ. ಅಪ್ಪಾಜಿಯ ಪ್ರಶ್ನೆಗೆ ಇದು ಒಳ್ಳೆಯ ಉತ್ತರ, ಯಾಕೆಂದರೆ ಹಣ ನಿಮ್ಮ ಹೆಸರಿನಲ್ಲಿದೆ, ಗೈಡ್ ಹೆಸರಿನಲ್ಲಿಲ್ಲ. ತೊಂದರೆ ಇರುವುದು ತಡವಾಗಿ ಬರುವುದರಲ್ಲಿ. ನನ್ನ ಗೆಳತಿಗೆ ತಿಂಗಳುಗಟ್ಟಲೆ ಬರಲಿಲ್ಲ, ಆಮೇಲೆ ಬಾಕಿ ಎಲ್ಲ ಒಟ್ಟಿಗೆ ಬಂತು. ಅಷ್ಟು ದಿನ ಅಣ್ಣನೇ ಖರ್ಚಿಗೆ ಕಳಿಸಿದ. ಯಾವ ಕಡೆ ಸೇರಿದರೂ ಆರು ತಿಂಗಳ ಖರ್ಚಿಗೆ ಏನಾದರೂ ದಾರಿ ಇರಲಿ. ನಿಮ್ಮ ನೆಂಟರು ಯಾರಾದರೂ "ಚಳ್ಳಕೆರೆ ಹತ್ರ ಕುದಾಪುರದಲ್ಲೇ ಐಐಎಸ್ಸಿ ಇದೆಯಲ್ಲ, ಅಲ್ಲೇ ಓದಬಹುದಲ್ವಾ" ಅನ್ನುತ್ತಾರೆ. ಕ್ಯಾಂಪಸ್ ಇರುವುದು ನಿಜ. ಆದರೆ ಕೆಮಿಸ್ಟ್ರಿಯ ವಿಭಾಗಗಳು, ಅವುಗಳ ಲ್ಯಾಬುಗಳು ಇರುವುದು ಬೆಂಗಳೂರಿನಲ್ಲಿ.

ಕಷ್ಟ ಇರುವುದು ತಾರೀಕಿನಲ್ಲಿ. ಐಐಎಸ್ಸಿಯ ಫಲಿತಾಂಶ ಏಪ್ರಿಲ್ 15ರೊಳಗೆ ಬರುವುದು ಅನುಮಾನ. ಅಮೆರಿಕದವರಿಗೆ ಸ್ವಲ್ಪ ಸಮಯ ಕೊಡಿ ಅಂತ ಕೇಳಬಹುದು, ಒಂದು ವಾರ ಕೊಟ್ಟಾರು, ಎರಡು ತಿಂಗಳು ಕೊಡುವುದಿಲ್ಲ. ನಾನು ನಿಮ್ಮ ಜಾಗದಲ್ಲಿದ್ದರೆ ಹೀಗೆ ಮಾಡುತ್ತಿದ್ದೆ: ಆ ಪತ್ರ 12 ತಿಂಗಳದ್ದು ಅಥವಾ ಬೇಸಿಗೆಗೂ ಖಾತ್ರಿ ಇದೆ, ಕನಿಷ್ಠ ನಾಲ್ಕು ವರ್ಷ ಅಂತ ಬರೆದು ಕೊಟ್ಟಿದ್ದಾರೆ, ಮತ್ತು ಆ ವಿಭಾಗದಲ್ಲಿ ನಿಮಗೆ ಬೇಕಾದ ಕೆಲಸ ಮಾಡುವವರು ಇಬ್ಬರಾದರೂ ಇದ್ದಾರೆ ಅಂದರೆ 15ಕ್ಕೆ ಒಪ್ಪಿಕೊಳ್ಳುತ್ತಿದ್ದೆ. ಈ ಮೂರರಲ್ಲಿ ಮೊದಲನೆಯದೇ ಇಲ್ಲ ಅಂದರೆ ಬಿಟ್ಟುಬಿಟ್ಟು, ಜೆಆರ್‌ಎಫ್ ಇಟ್ಟುಕೊಂಡು ಐಐಎಸ್ಸಿ ಸಂದರ್ಶನಕ್ಕೆ ಓದುತ್ತಿದ್ದೆ. ಜೆಆರ್‌ಎಫ್ ಪತ್ರದ ಅವಧಿ ಯಾವಾಗ ಮುಗಿಯುತ್ತೆ ಅಂತ ಇವತ್ತೇ ನೋಡಿಕೊಳ್ಳಿ.

ಪತ್ರದಲ್ಲಿ ಇಲ್ಲದ್ದನ್ನು ಆಫೀಸಿನವರಿಗೆ ಬರೆದು ಕೇಳಿ, ಯಾರೂ ತಪ್ಪು ತಿಳಿಯುವುದಿಲ್ಲ. ಅಲ್ಲಿ ಮೂರನೇ ನಾಲ್ಕನೇ ವರ್ಷದಲ್ಲಿರುವ ವಿದ್ಯಾರ್ಥಿಗಳಿಗೂ ಬರೆಯಿರಿ. ಕಳೆದ ಬೇಸಿಗೆಯಲ್ಲಿ ನಿಮಗೆ ಹಣ ಬಂತಾ, ಬಾಡಿಗೆ ಎಷ್ಟು, ಯಾರಾದರೂ ಅರ್ಧಕ್ಕೆ ಬಿಟ್ಟು ಹೋದರಾ ಅಂತ ಕೇಳಿ. ನಮ್ಮ ಕಡೆಯವರು ಒಬ್ಬರು ಸಿಕ್ಕರೆ ಇನ್ನೂ ಒಳ್ಳೆಯದು, ಮನಬಿಚ್ಚಿ ಹೇಳುತ್ತಾರೆ.

ಒಂದು ಕಡೆ ಒಪ್ಪಿಕೊಂಡ ದಿನವೇ ಉಳಿದ ಆಫರುಗಳಿಗೆ, ವೇಟ್‌ಲಿಸ್ಟಿಗೆ ಬೇಡ ಅಂತ ಎರಡು ಸಾಲು ಬರೆದುಬಿಡಿ. ನೀವು ಬಿಟ್ಟ ಸೀಟಿಗೆ ಇನ್ನೊಬ್ಬರು ನಿಮ್ಮ ಹಾಗೇ ಕಾಯುತ್ತಿರುತ್ತಾರೆ. ಪತ್ರದಲ್ಲಿ ಅರ್ಥವಾಗದ ಸಾಲು ಇದ್ದರೆ ಹೆಸರು ತೆಗೆದು ಇಲ್ಲೇ ಹಾಕಿ, ನೋಡಿ ಹೇಳುತ್ತೇನೆ.